ಕೈರುವಾನ್ ಮಸೀದಿಯ ಅಂಗಳ: ನೆರಳು ಗೆದ್ದ, ಬಿಸಿಲು ಸೋತ ಪ್ರತಿ

ಟ್ಯುನೀಶಿಯಾದ ಕೈರುವಾನ್ ಮಹಾ ಮಸೀದಿಯ ಅಂಗಳವನ್ನು ಓರಿಯಂಟಲಿಸ್ಟ್ ಶೈಲಿಯಲ್ಲಿ (ಪೂರ್ವದೇಶಗಳ ಬದುಕನ್ನು ಪಾಶ್ಚಾತ್ಯ ಕಣ್ಣಿನಲ್ಲಿ ಚಿತ್ರಿಸುವ ಶೈಲಿ) ಬಿಡಿಸಿದ ತೈಲಚಿತ್ರದ ಮುದ್ರಿತ ಪ್ರತಿ ಇದು. ಹತ್ತಿ ಕಾಗದ, ಪಿಗ್ಮೆಂಟ್ ಶಾಯಿ (ಬಣ್ಣದ ಸಣ್ಣ ಕಣಗಳಿರುವ ಶಾಯಿ). ಇಂಥ ಪ್ರತಿಗಳಲ್ಲಿ ಮೊದಲು ನೋಡಬೇಕಾದದ್ದು ನೆರಳನ್ನು. ಇಲ್ಲಿ ಲಾಳಾಕಾರದ ಕಮಾನುಗಳ ಹಿಂದಿನ ಕತ್ತಲಲ್ಲೂ ಕಂಬಗಳು ಬಿಡಿಬಿಡಿಯಾಗಿ ಕಾಣುತ್ತವೆ. ಒಂದರ ಬೋದಿಗೆಯಂತೆ (ಕಂಬದ ತಲೆಭಾಗ) ಇನ್ನೊಂದರದ್ದಿಲ್ಲ. ಅದು ಕಲಾವಿದನ ಕಲ್ಪನೆಯಲ್ಲ. ಅಲ್ಲಿನ ಎಷ್ಟೋ ಕಂಬಗಳನ್ನು ಹಳೆಯ ರೋಮನ್, ಬೈಜಾಂಟೈನ್ ಕಟ್ಟಡಗಳಿಂದ ತಂದು ನಿಲ್ಲಿಸಿದ್ದಾರೆ. ಅಗ್ಗದ ಪ್ರತಿಗಳಲ್ಲಿ ಈ ಭಾಗವೆಲ್ಲ ಬರೀ ಕಪ್ಪು ಮುದ್ದೆ.

ಪ್ರತಿ ಸೋತಿರುವುದು ಬಿಸಿಲು ಬಿದ್ದ ಭಾಗದಲ್ಲಿ. ಆ ಅಂಗಳದ ನೆಲ ಸಮತಟ್ಟಲ್ಲ. ಮಳೆನೀರು ನಡುವಿನ ಕಲ್ಲಿನ ಕುಳಿಗೆ ಹರಿದು, ಕಸ ತಡೆದು, ನೆಲದಡಿಯ ತೊಟ್ಟಿಗೆ ಇಳಿಯುವಂತೆ ಇಳಿಜಾರಾಗಿದೆ. ತಿಳಿಬೂದು ಛಾಯೆಗಳ ಸಣ್ಣ ವ್ಯತ್ಯಾಸದಲ್ಲೇ ಅದು ಗೊತ್ತಾಗಬೇಕು. ಮುದ್ರಕರು ಹೊಳಪು ಏರಿಸಿ ಅದನ್ನು ಅಳಿಸಿಹಾಕಿದ್ದಾರೆ, ಇದು ನಿಜಕ್ಕೂ ಬೇಸರದ ಸಂಗತಿ.

ಸಿದ್ಧ ಚೌಕಟ್ಟಿನ ಅಳತೆಗೆಂದು ಮೇಲಂಚು ಕತ್ತರಿಸಲು ಬಿಡಬೇಡಿ. ಮೂರು ಹಂತದ ಚೌಕ ಮಿನಾರಿನ ಗುಮ್ಮಟವೇ ಹೋಗುತ್ತದೆ. ಮೌಂಟ್ (ಚೌಕಟ್ಟಿನೊಳಗೆ ಚಿತ್ರವನ್ನು ಕೂರಿಸುವ ರಟ್ಟು) ಆಮ್ಲರಹಿತವಾಗಿರಲಿ. ಕಾಗದವನ್ನು ಮೇಲಂಚಿನಲ್ಲಿ ಎರಡು ಕಡೆ ಮಾತ್ರ ಅಂಟಿಸಿ: ನಾಲ್ಕೂ ಬದಿ ಅಂಟಿಸಿದರೆ ತೇವಕ್ಕೆ ಹಿಗ್ಗಲು ಜಾಗವಿಲ್ಲದೆ ಅಲೆಯಂತೆ ಉಬ್ಬುತ್ತದೆ. ಗಾಜಿಗೂ ತಾಗಬಾರದು, ತಾಗಿದರೆ ಶಾಯಿ ಅಂಟಿಕೊಳ್ಳುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ.

ಬೆಳಕೇ ಮುಖ್ಯ ಎನ್ನುವವರು ಖರೀದಿಗೆ ಮುನ್ನ ಅಂಗಳದ ಭಾಗದ ಸಣ್ಣ ಮಾದರಿ ಮುದ್ರಣ ಕೇಳಿ ನೋಡಲಿ.