ಕ್ರೋಮಿಯಂ ಹೆಕ್ಸಾಕಾರ್ಬೊನಿಲ್: ಒಂದು ಬಾಟಲಿ ಖಾಲಿ ಮಾಡಿದ ಮೇಲೆ

5 ಗ್ರಾಂ ಬಾಟಲಿ ಪೂರ್ತಿ ಮುಗಿಯಿತು, ಈಗ ಧೈರ್ಯವಾಗಿ ಬರೆಯಬಹುದು. ಒಂದು ಕ್ರೋಮಿಯಂಗೆ ಆರು ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡಿರುವ ಈ ರಿಯಾಜೆಂಟ್ (ಪ್ರಯೋಗಕ್ಕೆ ಬಳಸುವ ರಾಸಾಯನಿಕ) ಬೇಕಾಗಿದ್ದು ಬೆಂಜೀನ್ ಥರದ ಉಂಗುರದ ಮೇಲೆ ಕ್ರೋಮಿಯಂ ಕೂರಿಸಲು. ನೋಡೋಕೆ ಬಿಳಿ ಹರಳು. ಗಾಳಿಯಲ್ಲಿ ಕೆಡುವುದಿಲ್ಲ, ತೂಗುವುದು ಸುಲಭ. ಆದರೆ ವಿಷ, ಸುಮ್ನೆ ಇಟ್ಟರೂ ಮೆಲ್ಲಗೆ ಆವಿಯಾಗುತ್ತದೆ. ಫ್ಯೂಮ್ ಹುಡ್‌ನ (ವಿಷಗಾಳಿಯನ್ನು ಹೊರಗೆಳೆಯುವ ಗೂಡು) ಹೊರಗೆ ಮುಚ್ಚಳ ತೆಗೆಯಲೇಬೇಡಿ.

ಬೆಂಜೀನ್ ಉಂಗುರದಲ್ಲಿ ಎಲೆಕ್ಟ್ರಾನ್ ಜಾಸ್ತಿ, ಹಾಗಾಗಿ ನ್ಯೂಕ್ಲಿಯೊಫೈಲ್ (ತಾನೇ ಎಲೆಕ್ಟ್ರಾನ್ ಕೊಡಲು ಬರುವ ಕಣ) ಅದರ ಹತ್ತಿರ ಸುಳಿಯುವುದೇ ಕಷ್ಟ ಅಲ್ವಾ. ಮೂರು ಕಾರ್ಬನ್ ಮಾನಾಕ್ಸೈಡ್ ಹೊತ್ತ ಕ್ರೋಮಿಯಂ ಉಂಗುರದ ಒಂದು ಮುಖಕ್ಕೆ ಕೂತರೆ ಆ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಹೆಚ್ಚುಕಡಿಮೆ ಪ್ಯಾರಾ ಜಾಗದಲ್ಲಿ (ಉಂಗುರದ ನೇರ ಎದುರು ಬದಿ) ಎಲೆಕ್ಟ್ರಾನ್ ಎಳೆಯುವ ಒಂದು ನೈಟ್ರೊ ಗುಂಪು ಇದ್ದ ಹಾಗೆ. ಹೀಗೆ ಬೆಂಜೀನ್ ಮೇಲೆ ಕ್ರೋಮಿಯಂ ಕೂತ ಸಂಯುಕ್ತವನ್ನು 1957ರಲ್ಲಿ ಫಿಷರ್ ಮತ್ತು ಓಫೆಲೆ ಎಂಬ ರಸಾಯನ ವಿಜ್ಞಾನಿಗಳು ಮೊದಲು ಮಾಡಿದರು, ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಕ್ರೋಮಿಯಂ ಕೂರಿಸಿದ ನನ್ನ ಕ್ಲೋರೊಬೆಂಜೀನ್‌ನಿಂದ ಕ್ಲೋರಿನ್ ಅನ್ನು ಮೆಥಾಕ್ಸೈಡ್ ಎಂಬ ನ್ಯೂಕ್ಲಿಯೊಫೈಲ್ ಸಲೀಸಾಗಿ ಹೊರಗೆ ಹಾಕಿತು.

ಕ್ರೋಮಿಯಂ ಕೂರಿಸಲು ಮೊದಲ ಸಲ ರಿಯಾಜೆಂಟ್ ಮತ್ತು ಉಂಗುರದ ಸಂಯುಕ್ತವನ್ನು ಬರೀ ಡೈಬ್ಯುಟೈಲ್ ಈಥರ್ ಎಂಬ ದ್ರಾವಕದಲ್ಲಿ ಕುದಿಸಿದೆ. ರಿಯಾಜೆಂಟ್ ಎಲ್ಲಾ ಮೇಲಕ್ಕೆ ಹಾರಿ ಕಂಡೆನ್ಸರ್ (ಆವಿ ತಣಿಸುವ ಕೊಳವೆ) ಒಳಗೆ ಬಿಳಿ ಪದರವಾಗಿ ಕಟ್ಟಿಕೊಂಡಿತ್ತು, ಫ್ಲಾಸ್ಕ್‌ನಲ್ಲಿ ಏನೂ ಉಳಿದಿರಲಿಲ್ಲ. ಎರಡನೇ ಸಲ 10 ಪಾಲು ಈಥರ್‌ಗೆ 1 ಪಾಲು ಟಿಎಚ್‌ಎಫ್ (ಬೇಗ ಕುದಿಯುವ ಇನ್ನೊಂದು ದ್ರಾವಕ) ಸೇರಿಸಿದೆ, ಅದು ಕುದಿದು ಮೇಲೇರಿ ಹರಳನ್ನು ತೊಳೆದು ಕೆಳಗಿಳಿಸುತ್ತಾ ಇತ್ತು. ಆರ್ಗಾನ್ ಕೆಳಗೆ ಒಂದು ದಿನಕ್ಕಿಂತ ಜಾಸ್ತಿ ಕುದಿಸಬೇಕು, ಹೊರಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಹುಡ್ ಒಳಗೇ ದಾರಿ ಬಿಡಬೇಕು. ಮರುದಿನ ಫ್ಲಾಸ್ಕ್ ತುಂಬ ಒಳ್ಳೆ ಹಳದಿ! ಎನ್‌ಎಂಆರ್‌ನಲ್ಲಿ (ಅಣುವಿನಲ್ಲಿ ಹೈಡ್ರೋಜನ್ ಎಲ್ಲಿದೆ ಎಂದು ತೋರಿಸುವ ಪರೀಕ್ಷೆ) 7 ಪಿಪಿಎಂ ಸುತ್ತ ಇರಬೇಕಾದ ಉಂಗುರದ ಹೈಡ್ರೋಜನ್‌ಗಳು 5ರ ಹತ್ತಿರಕ್ಕೆ ಇಳಿದಿದ್ದವು, ಕ್ರೋಮಿಯಂ ಕೂತಿದ್ದಕ್ಕೆ ಗುರುತು ಅದು, ಅದನ್ನು ನೋಡಿದಾಗ ಆದ ಖುಷಿ ಹೇಳತೀರದು.

ಈ ಹಳದಿ ಸಂಯುಕ್ತ ಹರಳಾಗಿದ್ದರೆ ತೊಂದರೆ ಕಡಿಮೆ. ದ್ರಾವಣವನ್ನು ಮಾತ್ರ ಬೆಳಕು, ಗಾಳಿಗೆ ಒಡ್ಡಬೇಡಿ. ಒಮ್ಮೆ ಕಿಟಕಿ ಪಕ್ಕ ಬಿಟ್ಟು ಊಟಕ್ಕೆ ಹೋಗಿ ಬಂದೆ, ಹಸಿರು ಕೆಸರಾಗಿತ್ತು. ಕೊನೆಯಲ್ಲಿ ಕ್ರೋಮಿಯಂ ಬಿಡಿಸಲು ಬೇಕಾದದ್ದೂ ಅದೇ ಬೆಳಕು, ಗಾಳಿ, ಇಲ್ಲವೇ ಅಯೋಡಿನ್.

ಒಂದು ದೂರು ಇದೆ, ದೊಡ್ಡದೇ. ಪ್ರತಿ ಉಂಗುರಕ್ಕೂ ಒಂದೊಂದು ಕ್ರೋಮಿಯಂ ಬೇಕು. ಪಲ್ಲಾಡಿಯಂ ವೇಗವರ್ಧಕದ ಥರ ಚಿಟಿಕೆ ಹಾಕಿದರೆ ಆಗುವುದಿಲ್ಲ, ಕ್ರೋಮಿಯಂ ತ್ಯಾಜ್ಯ ರಾಶಿ ಬೀಳುತ್ತದೆ. ದೊಡ್ಡ ಪ್ರಮಾಣಕ್ಕೆ ಇದನ್ನು ಹೇಳಲಾರೆ.

ಆದರೆ ಅನಿಸೋಲ್ (ಮೆಥಾಕ್ಸಿ ಗುಂಪಿರುವ ಬೆಂಜೀನ್) ಇದೆಯಲ್ಲ, ಸಾಮಾನ್ಯವಾಗಿ ಹೊಸ ಗುಂಪು ಆರ್ಥೊ (ಪಕ್ಕದ), ಪ್ಯಾರಾ ಜಾಗಕ್ಕೇ ಹೋಗುತ್ತದೆ. ಕ್ರೋಮಿಯಂ ಕೂರಿಸಿ ಕಾರ್ಬಾನಯಾನ್ (ಋಣ ವಿದ್ಯುದಂಶದ ಕಾರ್ಬನ್ ಇರುವ ನ್ಯೂಕ್ಲಿಯೊಫೈಲ್) ಸೇರಿಸಿ, ಆಮೇಲೆ ಅಯೋಡಿನ್ ಹಾಕಿದೆ. ಸಿಕ್ಕಿದ್ದು ಬಹುತೇಕ ಮೆಟಾ, ಅಂದರೆ ಆರ್ಥೊ ಮತ್ತು ಪ್ಯಾರಾ ನಡುವಿನ ಜಾಗ. ಇದಕ್ಕಾಗಿಯೇ ಇನ್ನೊಂದು ಬಾಟಲಿ ತರಿಸುತ್ತಿದ್ದೇನೆ.