ಭದರ್ವಾಹದ ಲ್ಯಾವೆಂಡರ್ ಎಣ್ಣೆ: ಹಲವು ವರ್ಷ ಬಳಸಿದ ಮೇಲೆ

ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾಹದಲ್ಲಿ ಬೆಳೆದ ಲ್ಯಾವೆಂಡರ್‌ನಿಂದ ತೆಗೆದ ಈ ಎಣ್ಣೆಯನ್ನು ಹಲವು ವರ್ಷಗಳಿಂದ ತರಿಸುತ್ತಿದ್ದೇನೆ. ಮನೆಯಲ್ಲಿ ಮಾಡುವ ಸಾಬೂನಿಗೂ ಮಲಗುವ ಕೋಣೆಯಲ್ಲಿ ಪರಿಮಳ ಹರಡುವ ಡಿಫ್ಯೂಸರ್‌ಗೂ ಇದೇ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನ ಅರೋಮಾ ಮಿಷನ್ (ಸುಗಂಧ ಬೆಳೆಗಳ ಯೋಜನೆ) ಆರಂಭವಾದ ಮೇಲೆ ಅಲ್ಲಿನ ಅನೇಕ ರೈತರು ಮೆಕ್ಕೆಜೋಳ ಬಿಟ್ಟು ಈ ಬೆಳೆಗೆ ಹೊರಳಿದರು.

ನಾನು ಇದನ್ನೇ ನೆಚ್ಚಿಕೊಳ್ಳಲು ಕಾರಣ, ಕೇಳಿದಾಗಲೆಲ್ಲ ತಯಾರಕರು ಆಯಾ ಬ್ಯಾಚಿನ ಜಿಸಿ-ಎಂಎಸ್ ವರದಿ ಕಳುಹಿಸುತ್ತಾರೆ. ಎಣ್ಣೆಯ ಘಟಕಗಳನ್ನು ಬಿಡಿಸಿ ಪ್ರಮಾಣ ತೋರಿಸುವ ಪರೀಕ್ಷೆ ಅದು. ಮೊದಲು ನೋಡುವುದು ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಎಂಬ ಪರಿಮಳದ ಘಟಕಗಳನ್ನು. ಒಳ್ಳೆಯ ಲ್ಯಾವೆಂಡರ್‌ನಲ್ಲಿ ಎಣ್ಣೆಯ ಬಹುಪಾಲು ಇವೆರಡೇ. ಫ್ರಾನ್ಸ್‌ನ ಲ್ಯಾವೆಂಡರ್‌ಗೆ ಐಎಸ್‌ಒ 3515 ಎಂಬ ಅಂತರರಾಷ್ಟ್ರೀಯ ಮಾನಕ ಲಿನಲೂಲನ್ನು ಶೇ. 25ರಿಂದ 38, ಅಸಿಟೇಟನ್ನು ಶೇ. 25ರಿಂದ 45 ಎಂದು ಇಟ್ಟಿದೆ. ಆಮೇಲೆ ಕಣ್ಣು ಹೋಗಬೇಕಾದದ್ದು ಕರ್ಪೂರದ ಸಾಲಿಗೆ. ಆ ಮಾನಕದಲ್ಲಿ ಅದು ಶೇ. 0.5 ಮೀರಬಾರದು.

ಈ ಸಾಲು ಎಷ್ಟು ಮುಖ್ಯವೆಂದು ಬೇರೊಬ್ಬ ಮಾರಾಟಗಾರರ ಸೀಸೆಯಿಂದ ತಿಳಿಯಿತು. ಅದರ ಮೇಲೆ ಬರೆದದ್ದು ಲ್ಯಾವೆಂಡರ್, ಮುಚ್ಚಳ ತೆಗೆದರೆ ಮೂಗಿಗೆ ರಪ್ಪನೆ ಹೊಡೆದದ್ದು ಕರ್ಪೂರ. ಪಟ್ಟುಹಿಡಿದು ವರದಿ ತರಿಸಿದಾಗ ಕರ್ಪೂರ ಶೇ. 7ರ ಆಸುಪಾಸಿನಲ್ಲಿತ್ತು. ಅದು ಲ್ಯಾವಂಡಿನ್ ಎಂಬ ಮಿಶ್ರತಳಿಯ ಲಕ್ಷಣ. ಲ್ಯಾವಂಡಿನ್ ಕೆಟ್ಟದ್ದಲ್ಲ, ಇಳುವರಿ ಹೆಚ್ಚು, ಬೆಲೆ ಕಡಿಮೆ. ಆದರೆ ಅದನ್ನು ಲ್ಯಾವೆಂಡರಿನ ಬೆಲೆಗೆ ಮಾರುವುದು ಮೋಸವೇ.

ಭದರ್ವಾಹದ ಎಣ್ಣೆಯಲ್ಲಿ ಆ ಘಾಟಿಲ್ಲ. ಮೊದಲು ಹಣ್ಣಿನಂಥ ಸಿಹಿ, ನಿಧಾನವಾಗಿ ಹಸಿರು ಸೊಪ್ಪಿನ ವಾಸನೆ. ಸಾಬೂನಿಗೆ ಮಾತ್ರ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಕಾಸ್ಟಿಕ್ ಸೋಡಾದ ಕ್ಷಾರಕ್ಕೆ ಲಿನಲೈಲ್ ಅಸಿಟೇಟ್ ಒಡೆದು ಲಿನಲೂಲ್ ಆಗುತ್ತದೆ, ಆ ಸಿಹಿ ಬಹಳಷ್ಟು ಕರಗಿಹೋಗುತ್ತದೆ. ಹೀಗಾಗಿ ದುಬಾರಿ ಎಣ್ಣೆಯನ್ನು ಡಿಫ್ಯೂಸರ್‌ಗೆ ಉಳಿಸಿ, ಸಾಬೂನಿಗೆ ಹೆಸರು ಹೇಳಿಯೇ ಮಾರುವ ಲ್ಯಾವಂಡಿನ್ ತರಿಸುವುದು ಲೇಸು.

ಒಂದು ದೂರಿದೆ. ಹನಿಹನಿಯಾಗಿ ಬೀಳಲೆಂದು ಸೀಸೆಯ ಬಾಯಿಗೆ ಹಾಕಿದ ಪ್ಲಾಸ್ಟಿಕ್ ಬಿರಡೆ ಸಡಿಲವಾಗಿ, ಮುಚ್ಚಳದ ಸುತ್ತ ಎಣ್ಣೆ ಜಿನುಗುತ್ತದೆ. ಇದು ಸಣ್ಣ ವಿಷಯವಲ್ಲ. ಗಾಳಿ ತಗುಲಿದ ಲಿನಲೂಲ್ ಹೈಡ್ರೋಪೆರಾಕ್ಸೈಡ್‌ಗಳಾಗಿ ಮಾರ್ಪಡುತ್ತದೆ, ಕೆಲವರ ಚರ್ಮಕ್ಕೆ ಅಲರ್ಜಿ ತರುವುದು ಅವೇ. ಯೂರೋಪಿನಲ್ಲಿ ಪ್ರಸಾಧನಗಳ ಮೇಲೆ ಲಿನಲೂಲ್ ಹೆಸರನ್ನು ಪ್ರತ್ಯೇಕವಾಗಿ ನಮೂದಿಸುವ ನಿಯಮವಿರುವುದೂ ಈ ಅಲರ್ಜಿಯಿಂದಲೇ. ಎಣ್ಣೆ ಬಂದ ತಕ್ಷಣ ನಾನು ಅದನ್ನು ಚಿಕ್ಕ ಕಂದು ಸೀಸೆಗಳಿಗೆ ಕಂಠಮಟ್ಟ ತುಂಬಿ ಫ್ರಿಜ್‌ನಲ್ಲಿ ಇಡುತ್ತೇನೆ. ತಯಾರಕರು ಮುಚ್ಚಳ ಬದಲಿಸಲಿ, ಬಟ್ಟಿ ಇಳಿಸಿದ ತಿಂಗಳನ್ನೂ ಲೇಬಲ್ ಮೇಲೆ ಅಚ್ಚು ಹಾಕಲಿ. ಅಷ್ಟಾದರೆ ಐದಕ್ಕೆ ಐದು ಕೊಡುತ್ತೇನೆ, ಸದ್ಯಕ್ಕೆ ನಾಲ್ಕು.