ರೆಕ್ಕೆತುದಿಗೆ ಫೋಮ್ ಪಕ್ಕೆಯೋ, ಅಲ್ಯೂಮಿನಿಯಂ ಪಕ್ಕೆಯೋ?

ಆರ್‌ವಿ ವಿಮಾನದ (ಕಿಟ್ ತಂದು ಸ್ವತಃ ಜೋಡಿಸಿಕೊಳ್ಳುವ ಸಣ್ಣ ವಿಮಾನ) ಫೈಬರ್‌ಗ್ಲಾಸ್ ರೆಕ್ಕೆತುದಿಯ ಹಿಂಬದಿ ಹೆಬ್ಬೆರಳಲ್ಲಿ ಒತ್ತಿದರೆ ಒಳಕ್ಕೆ ಬಾಗುತ್ತದೆಯೇ? ಒಳಗೊಂದು ಪಕ್ಕೆ, ಅಂದರೆ ಆಕಾರ ಹಿಡಿದಿಡುವ ಆಧಾರದ ತುಂಡು ಬೇಕು.

ಕಡಿಮೆ ಖರ್ಚು, ಸುಲಭ ಕೆಲಸ ಎರಡರಲ್ಲೂ ಫೋಮ್ ಮುಂದು. ಮರಳುಕಾಗದದಿಂದ ಆಕಾರಕ್ಕೆ ಉಜ್ಜಿ, ಎರಡು ಪದರ ಗಾಜುಬಟ್ಟೆಯನ್ನು ಎಪಾಕ್ಸಿ ರಾಳದಲ್ಲಿ ಹೊದಿಸಿದರೆ ಸಾಕು. ಥರ್ಮಾಕೋಲ್ ಜಾತಿಯ ಫೋಮಿಗೆ ಪಾಲಿಯೆಸ್ಟರ್ ರಾಳ ಮಾತ್ರ ಬೇಡವೇ ಬೇಡ, ಫೋಮ್ ಕಣ್ಣೆದುರೇ ಕರಗಿಹೋಗುತ್ತದೆ. ಆದರೆ ಒಮ್ಮೆ ಅಂಟಿದ್ದನ್ನು ಬಿಚ್ಚಲಾಗದು.

ದೀಪದ ತಂತಿಗಾಗಿ ಆಗಾಗ ಒಳಗೆ ಕೈಹಾಕುವವರಿಗೆ ಸ್ಕ್ರೂ ಹಾಕಿದ ಅಲ್ಯೂಮಿನಿಯಂ ಪಕ್ಕೆಯೇ ಅನುಕೂಲ. ತಗಡು ಬಾಗಿಸುವ ಶ್ರಮವಿದೆ. ತೂತುಗಳ ಸುತ್ತ ಬಿರುಕನ್ನೂ ಗಮನಿಸುತ್ತಿರಬೇಕು.

ತುದಿಯೊಳಗೆ ಆಂಟೆನಾ ಇಡುವವರು ಫೋಮ್ ಮತ್ತು ಗಾಜುಬಟ್ಟೆಯನ್ನೇ ಆರಿಸಿಕೊಳ್ಳಿ; ಲೋಹವೂ ಕಾರ್ಬನ್ ಬಟ್ಟೆಯೂ ರೇಡಿಯೊ ಅಲೆಗೆ ಅಡ್ಡಬರುತ್ತವೆ.

ಯಾವುದೇ ಆಗಲಿ, ತುದಿಯನ್ನು ರೆಕ್ಕೆಗೆ ಜೋಡಿಸಿ, ಹಿಂದಂಚು ಏಲರಾನ್ (ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಫಲಕ) ಜೊತೆ ಒಂದೇ ಗೆರೆಗೆ ಬಂದ ಮೇಲೆಯೇ ಪಕ್ಕೆಯನ್ನು ಕೂರಿಸಿ. ಓರೆಯಾಗಿ ಗಟ್ಟಿಯಾದದ್ದನ್ನು ಸರಿಪಡಿಸುವುದು ಬಹಳ ಕಷ್ಟ.